ಬಾಗಿಲಿಗೆ ಬಂದ ಉಚಿತ ಬೀಗ

ಬೀಗದ ವ್ಯಾಪಾರದಂಥ ದರಿದ್ರ ವ್ಯಾಪಾರ ಲೋಕದಲ್ಲಿ ಇನ್ನೊಂದಿಲ್ಲ. ಸೋಪು ಕರಗುತ್ತದೆ, ಚಪ್ಪಲಿ ಸವೆಯುತ್ತದೆ, ಛತ್ರಿ ಕಳೆದುಹೋಗುತ್ತದೆ. ಗಿರಾಕಿ ಮತ್ತೆ ಬಂದೇ ಬರುತ್ತಾನೆ. ಒಳ್ಳೆಯ ಬೀಗ ಕೊಂಡ ಗಿರಾಕಿ ಮಾತ್ರ ಹೋದವನು ಹೋದ. ಆಮೇಲೆ ಅಂಗಡಿಗೆ ಬರುವುದು ಅವನ ಮಗ, ಅದೂ "ನಮ್ಮಪ್ಪ ತಗೊಂಡಿದ್ದು ಇನ್ನೂ ಚೆನ್ನಾಗಿದೆ" ಎಂದು ಹೇಳಿಹೋಗಲಿಕ್ಕೆ. ಹಾಗಾದರೆ ಕೆಟ್ಟ ಬೀಗವನ್ನೇ ಮಾರೋಣವೆಂದರೆ ನಮ್ಮ ಮಾವ ಬಿಡುವುದಿಲ್ಲ. ಕಂಪನಿಯಿಂದ ಬಂದ ಪ್ರತಿಯೊಂದು ಬೀಗವನ್ನೂ ಅವರು ಕಿವಿಯ ಹತ್ತಿರ ಹಿಡಿದು, ಕೀಲಿಕೈ ತಿರುಗಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ. ಅವರು ತಲೆದೂಗಿದರೆ ಮಾತ್ರ ಅದು ನಮ್ಮ ಕಪಾಟು ಸೇರುತ್ತದೆ.

ಅಂಗಡಿ ಮಾವನದು. ನಾನು ಅದರಲ್ಲಿ ಕೂರುವ ಅಳಿಯ. ಯಂತ್ರಕ್ಕೆ ಸಿಕ್ಕಿಸಿ ನಕಲು ಕೀಲಿಕೈ ಕೊರೆಯುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಕೀಲಿಕೈ ಇಲ್ಲದೆ ಬರಿಯ ತಂತಿಯಿಂದ ಬೀಗ ತೆಗೆಯುವ ವಿದ್ಯೆ ಇಡೀ ಊರಿನಲ್ಲಿ ಮಾವನೊಬ್ಬರಿಗೇ ಗೊತ್ತು. ನನಗೂ ಕಲಿಸಿಕೊಡಿ ಎಂದು ಒಮ್ಮೆ ಕೇಳಿದ್ದೆ. "ಮಗಳನ್ನ ಕೊಟ್ಟಿದ್ದೀನಲ್ಲ, ಸಾಲದಾ?" ಎಂದಿದ್ದರು.

ನಮ್ಮ ಪಕ್ಕದಲ್ಲಿ ಒಂದು ಮೊಬೈಲ್ ಅಂಗಡಿ ಇದೆ. ಅದರ ಯಜಮಾನರಿಗೆ ನಮ್ಮಿಬ್ಬರ ನಡುವಿನ ಗೋಡೆ ಕಂಡರೆ ಆಗದು. ಅದನ್ನು ಒಡೆದು ನಮ್ಮ ಅಂಗಡಿಯನ್ನೂ ಸೇರಿಸಿಕೊಂಡರೆ ತಮ್ಮದು ದೊಡ್ಡ ಮಳಿಗೆಯಾಗುತ್ತದೆ ಎಂಬುದು ಅವರ ಬಹುದಿನದ ಆಸೆ. ನಮ್ಮ ಅಂಗಡಿಯಲ್ಲಿ ನೊಣ ಹೊಡೆಯುವುದಕ್ಕೂ ನೊಣ ಬಾರದಂಥ ದಿನಗಳು ಶುರುವಾದಾಗ ಮಾವ ನನ್ನನ್ನು ಕರೆದರು.

"ಅಳಿಯಂದಿರೇ, ಈ ತಿಂಗಳು ನೋಡ್ತೀನಿ. ವ್ಯಾಪಾರ ಹೀಗೇ ಇದ್ರೆ ಪಕ್ಕದವರಿಗೆ ಕೊಟ್ಟುಬಿಡ್ತೀನಿ. ನೀವು ಎಲ್ಲಾದ್ರೂ ಬೇರೆ ಕೆಲಸ ನೋಡ್ಕೊಳ್ಳಿ."

ಮಾವ ನನ್ನನ್ನು ಬಹುವಚನದಲ್ಲಿ ಕರೆಯುವವರೆಗೆ ಭಯವಿಲ್ಲ ಎಂಬುದು ನಮ್ಮ ಮನೆಯ ನಿಯಮ. ಆದರೂ ಅಂದು ನನಗೆ ಭಯವಾಯಿತು. ನನ್ನ ವಯಸ್ಸಿಗೆ, ನನ್ನ ವಿದ್ಯೆಗೆ ಕೆಲಸ ಕೊಡುವ ಮಹಾನುಭಾವ ಇನ್ನೂ ಹುಟ್ಟಿಲ್ಲ. ಹೆಂಡತಿ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. "ಏನಾದ್ರೂ ಮಾಡ್ರೀ. ಆ ಅಂಗಡಿಯಲ್ಲಿ ಬೀಗಗಳ ಮಧ್ಯೆ ಆಡ್ಕೊಂಡೇ ನಾನು ದೊಡ್ಡವಳಾಗಿದ್ದು" ಎಂದಳು. ಅಷ್ಟು ಹೇಳಿ ಮುಖ ಆಚೆ ತಿರುಗಿಸಿಕೊಂಡಳು. ಆ ಕ್ಷಣ ನಾನು ಏನಾದರೂ ಮಾಡಲೇಬೇಕೆಂದು ಶಪಥ ಮಾಡಿದೆ. ನಾನು ಏನೂ ಮಾಡದೆ ಇದ್ದಾಗಲೇ ಲೋಕಕ್ಕೆ ಕ್ಷೇಮ ಎಂಬುದು ಆಗ ನೆನಪಾಗಲಿಲ್ಲ.

ಆ ವಾರವೇ ವರ್ತಕರ ಸಂಘದವರು ಬ್ಯಾಂಕಿನ ಮೇಲಿನ ಹಾಲ್‌ನಲ್ಲಿ ಒಂದು ತರಬೇತಿ ಏರ್ಪಡಿಸಿದ್ದರು. ವಿಷಯ: ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟಿನ ಮೂಲ ತತ್ವಗಳು. ಕಲಿಸಲು ಬಂದವರು ಸೆಖೆಯಲ್ಲೂ ಟೈ ಸಡಿಲಿಸದವರು. ನಾವೆಲ್ಲ ಅವರನ್ನು ಟೈ ಮೇಷ್ಟ್ರು ಎಂದೇ ಕರೆದೆವು. ಅವರು ಕೈಯಲ್ಲಿ ಮೈಕು ಹಿಡಿದು ಕುರ್ಚಿಗಳ ನಡುವೆ ಓಡಾಡುತ್ತ ಕೇಳಿದರು:

"ಗಿರಾಕಿ ಬರಲಿಲ್ಲ ಅಂತ ಅಳ್ತೀರಲ್ಲ, ಗಿರಾಕಿ ಮನೆಗೆ ನೀವು ಹೋಗಿದ್ದೀರಾ? ಸರಕು, ಬೆಲೆ, ಜಾಗ, ಪ್ರಚಾರ, ಇವು ನಾಲ್ಕು ಕಾಲು. ಇಡೀ ಊರಿಗೆ ಮಾರ್ತೀನಿ ಅಂತ ಹೊರಟವನು ಯಾರಿಗೂ ಮಾರಲ್ಲ. ಮಾರುಕಟ್ಟೆನ ಹೋಳು ಮಾಡಿ. ಒಂದು ಹೋಳು ಆರಿಸ್ಕೊಳ್ಳಿ. ಆ ಹೋಳಿನವರ ಮನಸ್ಸಲ್ಲಿ ಹೋಗಿ ಕೂತ್ಕೊಳ್ಳಿ!"

ನಾನು ಮುಂದಿನ ಸಾಲಿನಲ್ಲಿ ಕುಳಿತು ಎಲ್ಲದಕ್ಕೂ ತಲೆಯಾಡಿಸಿದೆ. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಸ್ವಲ್ಪ; ನೆನಪಿನಲ್ಲಿ ಉಳಿದದ್ದು ಪೂರ್ತಿ. ಅಪಾಯ ಇದ್ದದ್ದೇ ಅಲ್ಲಿ. ಸೋಪಿನ ಕಂಪನಿಯವರು ಮನೆಮನೆಗೆ ಪುಟ್ಟ ಸೋಪು ಹಂಚಿ ಹೇಗೆ ದೊಡ್ಡವರಾದರು ಎಂಬ ಕತೆಯನ್ನು ಮೇಷ್ಟ್ರು ಕಣ್ಣಿಗೆ ಕಟ್ಟುವಂತೆ ಹೇಳಿದರು. "ಸ್ಯಾಂಪಲ್ ಗಿರಾಕಿಯ ಬಾಗಿಲಿಗೆ ತಲುಪಬೇಕು. ಆಮೇಲೆ ಗಿರಾಕಿ ನಿಮ್ಮ ಬಾಗಿಲಿಗೆ ಬರಬೇಕು. ಇಷ್ಟೇ ಮಾರ್ಕೆಟಿಂಗ್" ಎಂದರು. ಕೊನೆಗೆ ಪ್ರಮಾಣಪತ್ರ ಕೊಟ್ಟರು. ಅದನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಮಾವನ ಫೋಟೋಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದೆ.

ಮಾವ ಅದನ್ನು ನೋಡಿ, "ಇದಕ್ಕೆ ಬೀಗ ಹಾಕಿಡಿ ಅಳಿಯಂದಿರೇ, ಯಾರಾದ್ರೂ ಕದ್ದಾರು" ಎಂದು ಹೋದರು.

ಮೊದಲು ಮಾರುಕಟ್ಟೆ ಸಮೀಕ್ಷೆ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಹಿಂದಿನ ಓಣಿಗೆ ಹೋದೆ. ಒಂದಕ್ಕೊಂದು ಬೆನ್ನು ಹಚ್ಚಿ ಕಟ್ಟಿದ ಮನೆಗಳು. ಕಿಟಕಿಗೆ ಸರಳು, ಹಿಂಬಾಗಿಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ಬಾಗಿಲನ್ನು ವಿಜ್ಞಾನಿಯಂತೆ ಪರೀಕ್ಷಿಸುತ್ತ ನಡೆದೆ. ಆಗ ನನಗೆ ಸಿಕ್ಕ ಸತ್ಯವನ್ನು ಕಂಡು ಮೈ ಜುಮ್ಮೆಂದಿತು. ಕೆಲವು ಬಾಗಿಲುಗಳಿಗೆ ಬೀಗ ನೇತಾಡುತ್ತಿತ್ತು. ಆದರೆ ಒಂದು ದೊಡ್ಡ ಹೋಳು, ಓಣಿಯ ಅರ್ಧದಷ್ಟು, ಬೀಗವೇ ಇಲ್ಲದ ಬಾಗಿಲುಗಳು! ಖಾಲಿ ಚಿಲಕಗಳು! ಇಷ್ಟು ವರ್ಷ ಅಂಗಡಿಯಿಂದ ಕೂಗಳತೆಯಲ್ಲಿ ಬೀಗ ಕಾಣದ ಜನ ಬದುಕುತ್ತಿದ್ದಾರೆ, ಮಾವನಿಗೆ ಗೊತ್ತಿಲ್ಲ!

ಓದುವವರಿಗೆ ಇಷ್ಟು ಹೊತ್ತಿಗೆ ಏನೋ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಜನ ಇದ್ದಾಗ ಹೊರಗಡೆ ಬೀಗ ಇರುವುದಿಲ್ಲ ಎಂಬುದು ಅಕ್ಷರ ಬಾರದವರಿಗೂ ತಿಳಿಯುತ್ತದೆ. ಅದು ತಿಳಿಯದೆ ಇರಬೇಕಾದರೆ ತರಬೇತಿ ಬೇಕು.

ಹೆಂಡತಿಗೆ ಹೇಳಿದ್ದರೆ ಅವಳು ಅಲ್ಲೇ ತಡೆಯುತ್ತಿದ್ದಳು. ಹೇಳಲೆಂದು ಬಾಯಿ ತೆರೆದೆ ಕೂಡ.

"ಒಂದು ದೊಡ್ಡ ಯೋಜನೆ ಇದೆ ಕಣೇ" ಎಂದೆ.

"ಏನ್ರೀ ಅದು?"

"ಈಗ ಹೇಳಲ್ಲ. ವ್ಯಾಪಾರದ ಗುಟ್ಟು."

"ಹಿಂದಿನ ಸಲ ಗುಟ್ಟು ಅಂದಾಗ ಅಡುಗೆಮನೆ ಸಿಂಕು ಕಿತ್ತುಹೋಗಿತ್ತು" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಮಹಾಪುರುಷರಿಗೆ ಮನೆಯಲ್ಲಿ ಮರ್ಯಾದೆ ಸಿಕ್ಕ ಉದಾಹರಣೆ ಇಲ್ಲ.

ಮಾರನೆಯ ಮಧ್ಯಾಹ್ನ ಒಂದು ಚೀಲದ ತುಂಬ ಬೀಗ ಹೊತ್ತು ಓಣಿಗೆ ಹೊರಟೆ. ಮಾವ ತಲೆದೂಗಿದ್ದ ಹೊಚ್ಚಹೊಸ ಬೀಗಗಳು. ಪ್ರತಿಯೊಂದಕ್ಕೂ ದಾರದಲ್ಲಿ ಒಂದು ಚೀಟಿ ಕಟ್ಟಿದ್ದೆ: "ಈ ಬೀಗ ನಿಮ್ಮದು. ಸಂಪೂರ್ಣ ಉಚಿತ. ಕೀಲಿಕೈಗಾಗಿ ನಮ್ಮ ಅಂಗಡಿಗೆ ಖುದ್ದಾಗಿ ಬನ್ನಿ." ಕೆಳಗೆ ಫೋನ್ ನಂಬರು. ಸ್ಯಾಂಪಲ್ ಗಿರಾಕಿಯ ಬಾಗಿಲಿಗೆ. ಗಿರಾಕಿ ನಮ್ಮ ಬಾಗಿಲಿಗೆ. ಮೇಷ್ಟ್ರ ಎರಡು ವಾಕ್ಯವನ್ನು ನಾನು ಒಂದೇ ಬೀಗದಲ್ಲಿ ಸಾಧಿಸಿದ್ದೆ. ಕೀಲಿಕೈಗಳನ್ನೆಲ್ಲ ಬಿಚ್ಚಿ ಅಂಗಡಿಯ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟಿದ್ದೆ. ಯಾವ ಕೀಲಿಕೈ ಯಾವ ಬೀಗದ್ದು ಎಂಬ ಕ್ಷುಲ್ಲಕ ಪ್ರಶ್ನೆ ಆಗ ಏಳಲಿಲ್ಲ.

ಓಣಿ ಮಲಗಿತ್ತು. ಮೊದಲ ಮನೆಯೊಳಗಿಂದ ಗೊರಕೆ ಕೇಳಿಸಿತು. ಬೀಗ ಇಲ್ಲದ ಮನೆಯಲ್ಲಿ ಪಾಪ ಹೇಗೆ ಇಷ್ಟು ನಿಶ್ಚಿಂತೆಯಿಂದ ಮಲಗುತ್ತಾರೋ ಎಂದು ಮರುಗಿದೆ. ನಿದ್ದೆ ಕೆಡಬಾರದೆಂದು ಸದ್ದಾಗದ ಹಾಗೆ ಚಿಲಕ ಎಳೆದು, ಬೀಗ ಸಿಕ್ಕಿಸಿ, ಒತ್ತಿದೆ. ತೆರೆದೇ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋದಾರು. ಬೀಗವೇ ಕಳುವಾಯಿತೆಂದರೆ ಬೀಗದ ಅಂಗಡಿಯವನಿಗೆ ಅದಕ್ಕಿಂತ ಅವಮಾನ ಉಂಟೆ? ಎದ್ದು ಬಾಗಿಲು ತೆರೆದಾಗ ನೋಡಿ ಎಷ್ಟು ಹಿಗ್ಗುತ್ತಾರೋ ಎಂದುಕೊಂಡು ಮುಂದಿನ ಮನೆಗೆ ಹೋದೆ. ಎರಡನೆಯ ಮನೆ ನಿವೃತ್ತ ಗಣಿತದ ಟೀಚರದು. ಒಳಗೆ ರೇಡಿಯೋ ಹಾಡುತ್ತಿತ್ತು. ಅಲ್ಲೂ ಒತ್ತಿದೆ.

ಹೀಗೆ ಇಡೀ ಸಾಲು ಮುಗಿಸಿ ಕೊನೆಯ ಮನೆಗೆ ಬಂದೆ. ಅದು ಮೊಬೈಲ್ ಅಂಗಡಿಯವರ ಮನೆ. ಒಂದು ಕ್ಷಣ ಹಿಂಜರಿದೆ. ಶತ್ರುವನ್ನೂ ಗಿರಾಕಿ ಮಾಡಿಕೊಳ್ಳುವವನೇ ನಿಜವಾದ ವ್ಯಾಪಾರಿ ಎಂದು ಧೈರ್ಯ ತಂದುಕೊಂಡೆ. ಹೊಸ್ತಿಲ ಹತ್ತಿರ ಎಲ್ಲೋ ನೋಡಿದಂತಿದ್ದ ಒಂದು ಜೊತೆ ಚಪ್ಪಲಿ ಇತ್ತು. ಲೋಕದಲ್ಲಿ ಒಂದೇ ಥರದ ಚಪ್ಪಲಿಗಳಿಗೆ ಬರವೇ? ಒತ್ತಿದೆ.

ಅಂಗಡಿಗೆ ಬಂದು, ಕೂದಲು ಬಾಚಿಕೊಂಡು, ಗಿರಾಕಿಗಳ ಮಹಾಪೂರಕ್ಕೆ ಕಾದು ಕುಳಿತೆ.

ಒಬ್ಬರೂ ಬರಲಿಲ್ಲ. ಬದಲಿಗೆ ಫೋನು ಬಂತು. ಗುರುತಿಲ್ಲದ ನಂಬರು. ನಾನು ಕುರ್ಚಿಯಿಂದ ಹಾರಿದೆ. ಪ್ರತಿಕ್ರಿಯೆ! ತೆಗೆಯಲು ಕೈ ಚಾಚಿದವನಿಗೆ ಮೇಷ್ಟ್ರ ಮಾತು ನೆನಪಾಯಿತು: "ಸುಲಭವಾಗಿ ಸಿಗೋದಕ್ಕೆ ಬೆಲೆ ಇಲ್ಲ. ಗಿರಾಕಿನ ಸ್ವಲ್ಪ ಕಾಯಿಸಿ, ಬಯಕೆ ಬೆಳೀಲಿ." ಕೈ ಹಿಂದಕ್ಕೆ ತೆಗೆದುಕೊಂಡೆ. ಫೋನು ಹೊಡೆದುಕೊಂಡು ಸುಮ್ಮನಾಯಿತು. ಇನ್ನೊಂದು ನಂಬರು. ಮತ್ತೊಂದು. ಬಯಕೆ ಬೆಳೆಯುತ್ತಿರುವುದು ಕಿವಿಗೇ ಕೇಳಿಸುತ್ತಿತ್ತು. ನಡುವೆ ಮಾವನ ನಂಬರು ಬಂತು. ವ್ಯಾಪಾರ ಎಷ್ಟಾಯಿತು ಎಂದು ಹಂಗಿಸಲಿಕ್ಕೇ ಇರಬೇಕು. ಸಾಯಂಕಾಲ ಲೆಕ್ಕದ ಜೊತೆಗೇ ಉತ್ತರ ಕೊಡೋಣ ಎಂದು ಅದನ್ನೂ ಬಿಟ್ಟೆ. ಅವರು ಮತ್ತೆ ಮಾಡಿದರು. ಮತ್ತೆ ಬಿಟ್ಟೆ. ಆಮೇಲೆ ಅವರ ಕರೆ ನಿಂತುಹೋಯಿತು.

ಬಂದವಳು ಹೆಂಡತಿ. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ರೀ, ಫೋನ್ ಯಾಕೆ ತೆಗೀತಿಲ್ಲ?"

"ಬಯಕೆ ಬೆಳೆಸ್ತಿದೀನಿ."

"ಏನು ಬೆಳೆಸ್ತಿದೀರ? ಅಲ್ಲಿ ಹಿಂದಿನ ಓಣಿಯವರನ್ನೆಲ್ಲ ಯಾರೋ ಮನೆಯೊಳಗೆ ಕೂಡಿಹಾಕಿದಾರಂತೆ! ಅಪ್ಪನೂ ಅಲ್ಲೇ ಸಿಕ್ಕಿಹಾಕ್ಕೊಂಡಿದಾರೆ!"

"ಅಪ್ಪ? ಮಾವ ಅಲ್ಲಿಗೆ ಯಾಕೆ ಹೋದ್ರು?"

ಅವಳು ತಲೆ ತಗ್ಗಿಸಿದಳು. "ಮೊಬೈಲ್ ಅಂಗಡಿಯವರ ಮನೆಗೆ. ಅಂಗಡಿ ಕೊಡೋ ಮಾತಾಡೋಕೆ. ನಿಮಗೆ ಹೇಳ್ಬೇಡ ಅಂದಿದ್ರು."

ಚಪ್ಪಲಿಯ ನೆನಪಾಯಿತು. ಬಿಸ್ಕತ್ತಿನ ಡಬ್ಬಿ ಎದೆಗವಚಿಕೊಂಡು ನಾನು ಓಡಿದ್ದನ್ನು ನೋಡಿದವರು ಊರಿಗೆ ಬೆಂಕಿ ಬಿದ್ದಿದೆ ಎಂದುಕೊಂಡರಂತೆ.

ಓಣಿಯಲ್ಲಿ ಜಾತ್ರೆಯೇ ನೆರೆದಿತ್ತು. ಸರಳುಗಳ ಹಿಂದೆ ಕಿಟಕಿಗೊಂದು ಮುಖ. ಒಳಗಿನವರು ಕೂಗುತ್ತಿದ್ದರು, ಹೊರಗಿನವರು ಸಲಹೆ ಕೊಡುತ್ತಿದ್ದರು. ರಸ್ತೆ ಅಗಲ ಮಾಡಲು ನಗರಸಭೆಯವರು ಮನೆಗಳಿಗೆ ಬೀಗ ಜಡಿದಿದ್ದಾರೆ ಎಂದು ಒಬ್ಬರು. ಸಾಂಕ್ರಾಮಿಕ ರೋಗ ಬಂದಿದೆ ಎಂದು ಇನ್ನೊಬ್ಬರು. ಇದನ್ನು ಕೇಳಿದ ಮೇಲೆ ಒಳಗಿದ್ದ ಇಬ್ಬರಿಗೆ ಕೆಮ್ಮು ಬಂತು. ಸುದ್ದಿ ಕೇಳಿ ಓಡಿ ಬಂದಿದ್ದ ನಗರಸಭೆಯ ಅಧಿಕಾರಿ ಉರಿದುಬೀಳುತ್ತಿದ್ದರು.

"ಮನೆಗಳಿಗೆ ಬೀಗ ಜಡಿಯೋ ಅಧಿಕಾರ ಇರೋದು ನಮಗೆ! ನಮ್ಮನ್ನ ಕೇಳದೆ ಜಡಿದೋರು ಯಾರು? ನಾವೇ ಜಡೀಬೇಕು ಅಂದ್ರೆ ವರ್ಷಗಟ್ಟಲೆ ನೋಟಿಸು ಕೊಡ್ತೀವಿ!"

ಪೊಲೀಸ್ ಪೇದೆ ಬೇರೆ ಚಿಂತೆಯಲ್ಲಿದ್ದ. "ಬೀಗ ಒಡೆದು ಒಳಗೆ ನುಗ್ಗಿದ್ರೆ ಕೇಸು ಹಾಕಬಹುದು ಸಾರ್. ಬೀಗ ಹಾಕಿ ಹೊರಟುಹೋದವನ ಮೇಲೆ ಏನಂತ ಬರ್ಕೊಳ್ಳಲಿ? ಏನೂ ಕದ್ದಿಲ್ಲ, ಬೀಗ ಬೇರೆ ಬಿಟ್ಟುಹೋಗಿದಾನೆ!"

ಚೀಟಿ ಓದಿದವರು ಅಷ್ಟು ಹೊತ್ತಿಗೆ ಸತ್ಯ ತಿಳಿದುಕೊಂಡಿದ್ದರು. ಗಣಿತದ ಟೀಚರ್ ಕಿಟಕಿಯಿಂದ ನನ್ನನ್ನು ಕಂಡರು.

"ಏನಪ್ಪಾ, ಚೀಟಿ ಬರೆದವನು ನೀನೇನಾ?"

"ಹೌದು ಮೇಡಂ."

"ಕೀಗೆ ಅಂಗಡಿಗೆ ಖುದ್ದಾಗಿ ಬನ್ನಿ ಅಂದಿದೀಯ."

"ಹೌದು ಮೇಡಂ."

"ಹೇಗೆ?"

ಜೀವನದಲ್ಲಿ ಗಣಿತದ ಟೀಚರುಗಳಿಗೆ ಉತ್ತರ ಕೊಟ್ಟ ಅಭ್ಯಾಸ ನನಗಿಲ್ಲ.

ಕೊನೆಯ ಮನೆಯ ಮುಂದೆ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬ ಸುತ್ತಿಗೆ ಹಿಡಿದು ಬೀಗದ ಮೇಲೆ ಬಾರಿಸುತ್ತಿದ್ದ. ಒಳಗಿನ ಕಿಟಕಿಯಲ್ಲಿ ಮಾವ. ಊರಿನ ಯಾವ ಬೀಗವನ್ನಾದರೂ ತಂತಿಯಿಂದ ತೆಗೆಯಬಲ್ಲ ಏಕೈಕ ಮನುಷ್ಯ ಬಾಗಿಲಿನ ಆಚೆಗಿದ್ದರು. ಬೀಗ ಈಚೆಗಿತ್ತು. ಅವರ ಪಕ್ಕದಲ್ಲಿ ಮೊಬೈಲ್ ಅಂಗಡಿಯವರು ನಿಂತಿದ್ದರು. ಲೋಕಕ್ಕೆಲ್ಲ ಫೋನು ಮಾರುವ ಅವರ ಸ್ವಂತ ಫೋನು ಚಾರ್ಜ್ ಇಲ್ಲದೆ ಸತ್ತಿತ್ತಂತೆ.

"ಮಾವ, ಹೆದರಬೇಡಿ! ನಾನು ಬಂದಿದೀನಿ!" ಎಂದೆ.

"ನೀನು ಬಂದಿದ್ದಕ್ಕೇ ಕಣೋ ನಾನು ಒಳಗಿರೋದು!" ಎಂದರು.

ಏಕವಚನ. ಡಬ್ಬಿಯ ಮುಚ್ಚಳ ತೆಗೆದೆ. ನೂರು ಮರಿಗಳನ್ನು ಹಾಕಿದ ಯಾವುದೋ ಲೋಹದ ಪ್ರಾಣಿಯ ಗೂಡಿನಂತೆ ಕೀಲಿಕೈಗಳು ಮಿಂಚಿದವು. ಎಲ್ಲ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಮುಖ. ಮೊದಲ ಬೀಗಕ್ಕೆ ಒಂದು ಹಾಕಿದೆ, ತಿರುಗಲಿಲ್ಲ. ಇನ್ನೊಂದು ಹಾಕಿದೆ, ತಿರುಗಲಿಲ್ಲ. ಜನ ಸುತ್ತುಗಟ್ಟಿ ಒಂದೊಂದು ಸೋಲಿಗೂ "ಹೋಯ್ತು!" ಎಂದು ಕೂಗತೊಡಗಿದರು.

"ಆಗದ ಕೀನ ಮತ್ತೆ ಡಬ್ಬಿಗೇ ಹಾಕ್ತಿದೀಯಲ್ಲೋ!" ಟೀಚರ್ ಕಿಟಕಿಯಿಂದ ಚೀರಿದರು. "ಬೇರೆ ಕಡೆ ಇಡು! ಹೀಗಾದ್ರೆ ನಾನು ಇದೇ ಮನೇಲಿ ಸಾಯ್ತೀನಿ!"

"ಅದು ನಿಮ್ಮ ಮನೇನೇ ಅಲ್ವಾ ಮೇಡಂ?" ಎಂದ ಪೇದೆ, ಸಮಾಧಾನಕ್ಕೆ.

ನನ್ನ ಹಿಂದೆಯೇ ಓಡಿ ಬಂದಿದ್ದ ಹೆಂಡತಿ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು, ಸೆರಗು ಹಾಸಿ ಕುಳಿತು, ಹೊಂದದ ಕೀಲಿಕೈಗಳನ್ನು ಬೇರೆ ಗುಡ್ಡೆ ಮಾಡಿದಳು. ಆಮೇಲೆ ಕೆಲಸ ಸಾಗಿತು. ಒಂದೊಂದೇ ಬಾಗಿಲು ತೆರೆಯಿತು. ಹೊರಬಂದವರು ಮೊದಲು ನನ್ನನ್ನು ಬೈದು, ಆಮೇಲೆ ಉಳಿದವರ ಬಿಡುಗಡೆ ನೋಡಲು ಒಳ್ಳೆಯ ಜಾಗ ಹಿಡಿದು ನಿಂತರು. ಅಷ್ಟರಲ್ಲಿ ಕೆಲಸಕ್ಕೆ ಹೋಗಿದ್ದವರೂ ಮರಳಿದರು. ತಮ್ಮ ಬಾಗಿಲಲ್ಲಿ ತಮ್ಮದೇ ಹಳೆಯ ಬೀಗ ಕಂಡು ಅವರಿಗೆ ಸಿಟ್ಟು ಬಂತು. "ಓಣಿಗೆಲ್ಲ ಪುಕ್ಕಟೆ ಕೊಟ್ಟು ನಮಗ್ಯಾಕೆ ಕೊಟ್ಟಿಲ್ಲ? ನಾವೇನು ಮನುಷ್ಯರಲ್ವಾ?" ಎಂದು ನನ್ನ ಕೊರಳಪಟ್ಟಿ ಹಿಡಿದರು. ಬೀಗ ಹಾಕಿಸಿಕೊಂಡವರ ಕೋಪ ಒಂದು ಕಡೆ, ಹಾಕಿಸಿಕೊಳ್ಳದವರ ಕೋಪ ಇನ್ನೊಂದು ಕಡೆ. ಮಾರುಕಟ್ಟೆಯ ಎರಡು ಹೋಳೂ ಒಂದಾದದ್ದು ನನ್ನ ವಿಷಯದಲ್ಲಿ ಮಾತ್ರ.

ಕೊನೆಯ ಕೀಲಿಕೈ ಕೊನೆಯ ಮನೆಯದೇ ಆಗಿತ್ತು. ಅದು ಹಾಗೇ ಆಗಬೇಕಲ್ಲ. ಅಷ್ಟು ಹೊತ್ತಿಗೆ ಮೆಕ್ಯಾನಿಕ್‌ನ ಸುತ್ತಿಗೆಯ ಹಿಡಿಯೇ ಮುರಿದಿತ್ತು. ಪೇದೆ ಕಬ್ಬಿಣದ ಸಲಾಕೆ ಹಾಕಿ ಮೀಟಿ ಸಲಾಕೆ ಬಾಗಿತ್ತು. ಇಷ್ಟಾದರೂ ಕೀಲಿಕೈ ಹಾಕಿದ ತಕ್ಷಣ ಬೀಗ ಬೆಣ್ಣೆಯಂತೆ ತಿರುಗಿತು.

ಮಾವ ಹೊರಬಂದರು. ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಅವರು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಬೀಗವನ್ನು ಕೈಗೆತ್ತಿಕೊಂಡು, ಅದರ ಮೇಲಿದ್ದ ಸುತ್ತಿಗೆಯ ಗಾಯಗಳನ್ನು ಹೆಬ್ಬೆರಳಿಂದ ಸವರುತ್ತಿದ್ದರು. ಕಿವಿಗೆ ಹಿಡಿದು ತಿರುಗಿಸಿ ಸದ್ದು ಕೇಳಿದರು. ಅವರ ಕಣ್ಣಲ್ಲಿ ನೀರಾಡಿತು.

"ಇದಕ್ಕೆ ಎಷ್ಟು ಬಾರಿಸಿದ್ರಿ?" ಎಂದು ಮೆಕ್ಯಾನಿಕ್‌ನನ್ನು ಕೇಳಿದರು.

"ಲೆಕ್ಕ ಇಡಲಿಲ್ಲ ಸಾರ್. ಲಾರಿ ಬಾಗಿಲು ಕಿತ್ತಿದೀನಿ, ಇಂಥಾ ಬೀಗ ನೋಡಿಲ್ಲ."

ಮೊಬೈಲ್ ಅಂಗಡಿಯವರು ಬೆವರು ಒರೆಸಿಕೊಂಡು ಹೊರಬಂದರು. "ಒಂದು ಮಧ್ಯಾಹ್ನ ಪೂರ್ತಿ ನಿಮ್ಮ ಮಾವ ನನಗೆ ಬೀಗದ ಬಗ್ಗೆ ಪಾಠ ಹೇಳಿದಾರೆ" ಎಂದು ನನ್ನನ್ನು ನುಂಗುವಂತೆ ನೋಡಿದರು. ಆಮೇಲೆ ಮಾವನ ಕಡೆ ತಿರುಗಿ, "ನಾಳೆ ಬೆಳಗ್ಗೆ ಅಂಗಡಿಗೇ ಬರ್ತೀನಿ, ಮಾತು ಮುಗಿಸೋಣ. ಮೊದಲು ಹೇಳಿದ ಬೆಲೆ ಮರೆತುಬಿಡಿ. ಇನ್ನು ನಿಮ್ಮ ಅಂಗಡೀಲಿ ಬೀಗ ಕೊಳ್ಳೋಕೆ ಯಾರಿಗೆ ಧೈರ್ಯ ಬರುತ್ತೆ?" ಎಂದರು.

ಆ ಮಾತು ನಿಜ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಮನೆಗೆ ಬರುವಾಗ ಹೆಂಡತಿ ನನ್ನಿಂದ ಮಾರು ದೂರ ಮುಂದೆ ನಡೆದಳು. ಅಪ್ಪ ಕಟ್ಟಿದ ಅಂಗಡಿಯನ್ನು ಗಂಡ ಒಂದೇ ಮಧ್ಯಾಹ್ನದಲ್ಲಿ ಮುಳುಗಿಸಿದ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನು ಹಿಂದಿನಿಂದ ಅವಳ ಬೆನ್ನು ನೋಡುತ್ತ ನಡೆದೆ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು, ಅದನ್ನೂ ಸರಿಯಾಗಿ ಮಾಡಲಾರೆನೆಂದು ಸುಮ್ಮನಾದೆ.

ಬೆಳಿಗ್ಗೆ ಮಾವ, ಹೆಂಡತಿ, ನಾನು ಮೂವರೂ ಅಂಗಡಿಗೆ ಹೋದೆವು. ಹೆಂಡತಿ ಬಂದದ್ದು ಕಡೆಯ ಸಲ ಒಮ್ಮೆ ನೋಡಿಬರಲು. ಮೊಬೈಲ್ ಅಂಗಡಿಯವರು ಆಗಲೇ ಬಂದು ಗೋಡೆಯನ್ನು ಎಲ್ಲಿಂದ ಒಡೆಯುವುದೆಂದು ಬೆರಳಿಂದ ತಟ್ಟಿ ನೋಡುತ್ತಿದ್ದರು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗದ್ದಲ ಕೇಳಿಸಿತು. ಇಡೀ ಓಣಿ ಬರುತ್ತಿತ್ತು. ಮುಂದೆ ಗಣಿತದ ಟೀಚರ್. ಅರ್ಧ ಜನರ ಕೈಯಲ್ಲಿ ನಿನ್ನೆಯ ಬೀಗ.

ಕಲ್ಲಿನ ಬದಲು ಬೀಗದಲ್ಲೇ ಹೊಡೆಯುತ್ತಾರೆ ಎಂದು ನಾನು ಮೇಜಿನ ಕೆಳಗೆ ಬಗ್ಗಿದೆ.

"ಎಲ್ಲಿ ಅವನು? ಮೇಲೆ ಏಳಪ್ಪಾ" ಎಂದರು ಟೀಚರ್. "ಈ ಬೀಗ ವಾಪಸ್ ತಗೋ."

"ಯಾಕೆ ಮೇಡಂ? ಗಟ್ಟಿ ಇಲ್ವಾ?"

"ಗಟ್ಟಿ ಇದೆಯಾ ಇಲ್ವಾ ಅಂತ ನಿನ್ನೆ ಇಡೀ ಊರು ನೋಡಿದೆ. ಆದ್ರೆ ಇದರ ಕೀ ನಿನ್ನ ಡಬ್ಬೀಲಿತ್ತು. ನೀನು ಇನ್ನೊಂದು ಇಟ್ಕೊಂಡಿಲ್ಲ ಅಂತ ಏನು ಗ್ಯಾರಂಟಿ?"

"ಮೇಡಂ, ನಾನು ಅಂಥವನಲ್ಲ!"

"ಅಂಥವನಲ್ಲ ಅಂತ ಗೊತ್ತು. ಅಷ್ಟು ಬುದ್ಧಿ ಇದ್ದಿದ್ರೆ ನಮ್ಮನ್ನ ಒಳಗೆ ಹಾಕಿ ಬೀಗ ಹಾಕ್ತಿರಲಿಲ್ಲ. ಆದ್ರೂ ಬೇಡ." ಅವರು ಬೀಗವನ್ನು ಮೇಜಿನ ಮೇಲಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು. "ನೀನು ಕೊಡಮ್ಮ. ಇಂಥದ್ದೇ ಬೇಕು. ಪೆಟ್ಟಿಗೆ ಒಡೆಯದೇ ಇರೋದು. ಇವನ ಕೈ ತಾಗದೇ ಇರೋದು. ದುಡ್ಡು ಎಷ್ಟಾದ್ರೂ ಆಗಲಿ."

ಅವರ ಹಿಂದಿದ್ದವರೆಲ್ಲ "ನಮಗೂ!" ಎಂದರು. ಬೀಗ ಸಿಗದೆ ಮುನಿಸಿಕೊಂಡಿದ್ದವರು ಪಕ್ಕದ ಬೀದಿಯ ನೆಂಟರನ್ನೂ ಕರೆತಂದಿದ್ದರು. ಪೇದೆ ಠಾಣೆಯ ಹಿಂಬಾಗಿಲಿಗೆ ಒಂದು ಬೇಕೆಂದ. ನಗರಸಭೆಯ ಅಧಿಕಾರಿ, ಮುಂದೆ ಮನೆಗಳಿಗೆ ಜಡಿಯುವುದಾದರೆ ಇದನ್ನೇ ಜಡಿಯಬೇಕೆಂದು ಯೋಚಿಸುತ್ತಿರುವುದಾಗಿ ಹೇಳಿದರು. ಹೆಂಡತಿ ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹಿಂದೆ ಬಂದಳು. ಅವಳು ಪೆಟ್ಟಿಗೆ ಒಡೆಯುವ ರೀತಿ, ಬೀಗವನ್ನು ಕಿವಿಗೆ ಹಿಡಿಯುವ ರೀತಿ ನೋಡಿ ನಾನು ಬೆರಗಾದೆ. ಇಷ್ಟು ವರ್ಷ ಮನೆಯಲ್ಲಿ ಅವಳು ಅಪ್ಪನ ಮಗಳೆಂಬುದನ್ನು ನಾನು ಸರಿಯಾಗಿ ಗಮನಿಸಿರಲೇ ಇಲ್ಲ.

ಗೋಡೆ ತಟ್ಟುತ್ತಿದ್ದ ಮೊಬೈಲ್ ಅಂಗಡಿಯವರು ಮಾವನ ಹತ್ತಿರ ಬಂದು ಮೆಲ್ಲಗೆ, "ನಮ್ಮ ಮಾತು..." ಎಂದರು.

"ಸಾಲಲ್ಲಿ ನಿಂತ್ಕೊಳ್ಳಿ" ಎಂದರು ಮಾವ. "ನಿಮ್ಮ ಮನೆ ಚಿಲಕಕ್ಕೆ ಯಾವುದು ಹೊಂದುತ್ತೆ ಅಂತ ನಿನ್ನೆ ನೋಡಿದೀನಿ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಂಗಡಿ ಉಳಿಯಿತು! ಹೇಗೇ ಆಗಲಿ, ಉಳಿಸಿದವನು ನಾನೇ! ಪ್ರಮಾಣಪತ್ರದ ಕಡೆ ಒಮ್ಮೆ ನೋಡಿ, ಹೆಂಡತಿಗೆ ಸಹಾಯ ಮಾಡೋಣವೆಂದು ಒಂದು ಪೆಟ್ಟಿಗೆ ಎತ್ತಿಕೊಂಡೆ. ಸಾಲಿನಲ್ಲಿದ್ದವರು ಒಟ್ಟಿಗೆ, "ಅಯ್ಯೋ, ಅದು ಬೇಡ, ಇನ್ನೊಂದು ಕೊಡಮ್ಮ!" ಎಂದು ಕಿರುಚಿದರು. ಪೆಟ್ಟಿಗೆ ಕೆಳಗಿಟ್ಟೆ. ಸುಮ್ಮನೆ ನಿಂತರೂ ಆಗಲಿಲ್ಲ. "ಅವರು ಕೀ ನೋಡ್ತಿದಾರೆ" ಎಂದು ಒಬ್ಬರು ಗೊಣಗಿ ಸಾಲು ಬಿಟ್ಟು ಹೊರಟರು.

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಅಂಗಡಿ ಕೊಡಲ್ಲ. ಇನ್ನು ಮೇಲೆ ಮಗಳು ಕೂರ್ತಾಳೆ. ತಂತಿ ವಿದ್ಯೆನೂ ಅವಳಿಗೆ ಕಲಿಸ್ತೀನಿ."

"ನಾನು, ಮಾವ?"

ಅವರು ಸ್ವಲ್ಪ ಯೋಚಿಸಿದರು. "ನೀವು ಎದುರುಗಡೆ ಕೂತ್ಕೊಳ್ಳಿ ಅಳಿಯಂದಿರೇ."

ಅಂದಿನಿಂದ ನಾನು ರಸ್ತೆಯ ಆ ಬದಿಯ ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಇದನ್ನು ಶಿಕ್ಷೆ ಎಂದು ಯಾರೂ ತಿಳಿಯಬಾರದು, ಇದು ಹುದ್ದೆ. ಬಂದ ಗಿರಾಕಿ ಮೊದಲು "ಅವರು ಎಲ್ಲಿದಾರೆ?" ಎಂದು ಕೇಳುತ್ತಾನೆ. ಹೆಂಡತಿ ನನ್ನ ಕಡೆ ಬೆರಳು ತೋರಿಸುತ್ತಾಳೆ. ನಾನು ಎರಡೂ ಕೈ ಮೇಲೆತ್ತಿ, ಕೈಯಲ್ಲಿ ಏನೂ ಇಲ್ಲವೆಂದು ತೋರಿಸುತ್ತೇನೆ. ಗಿರಾಕಿ ನೆಮ್ಮದಿಯಿಂದ ಒಳಗೆ ಹೋಗಿ ಬೀಗ ಕೊಳ್ಳುತ್ತಾನೆ. ಟೈ ಮೇಷ್ಟ್ರು ಹೊಸ ತಂಡದವರನ್ನು ಕರೆತಂದು ನನ್ನನ್ನು ತೋರಿಸಿ, "ನೋಡಿ, ವ್ಯಾಪಾರ ಬೆಳೀಬೇಕಾದ್ರೆ ಕೆಲವರು ಎಲ್ಲಿರಬೇಕೋ ಅಲ್ಲೇ ಇರಬೇಕು" ಎಂದು ಪಾಠ ಮಾಡಿಹೋದರು. ಅವರೆಲ್ಲ ತಲೆಯಾಡಿಸಿದರು. ಮುಂದಿನ ಸಾಲಿನವನೊಬ್ಬ ಅತಿಯಾಗಿ ಆಡಿಸಿದ. ಅವನ ಮಾವನ ಬಗ್ಗೆ ನನಗೆ ಮರುಕ ಹುಟ್ಟಿತು.

ಬೇಸರವಾಗುವುದಿಲ್ಲವೇ ಎಂದರೆ ಆಗುತ್ತದೆ. ಆದರೆ ಇಲ್ಲಿಂದ ಅಂಗಡಿ ಪೂರ್ತಿ ಕಾಣುತ್ತದೆ. ಅವಳು ಬೀಗವೊಂದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ನಗುವುದು ಕಾಣುತ್ತದೆ. ನನ್ನ ಹೆಂಡತಿ ಇಷ್ಟು ಚೆನ್ನಾಗಿ ನಗುತ್ತಾಳೆಂದು ನಾನು ಪಕ್ಕದಲ್ಲೇ ಇದ್ದಾಗ ಗೊತ್ತಿರಲಿಲ್ಲ.

ಇವತ್ತು ಹೊಸಬರಿಬ್ಬರು, ಗಂಡ ಹೆಂಡತಿ, ಬಂದು ಮೆಟ್ಟಿಲ ಮೇಲೆಯೇ ನಿಂತು ನನ್ನ ಕಡೆ ನೋಡಿ ಅನುಮಾನಿಸಿದರು. ನಾನು ಕೈಯೆತ್ತಿ ತೋರಿಸಿದೆ. ಅವರಿಗೆ ಸಾಲಲಿಲ್ಲ. ಒಳಗಿನಿಂದ ಹೆಂಡತಿ ನನ್ನನ್ನು ನೋಡಿ ಕೈಸನ್ನೆ ಮಾಡಿದಳು: ರೀ, ಇನ್ನೂ ಸ್ವಲ್ಪ ಆಚೆ ಹೋಗಿ. ಎದ್ದು ವಿದ್ಯುತ್ ಕಂಬದವರೆಗೆ ಹೋದೆ. ಅವರು ಇನ್ನೂ ನೋಡುತ್ತಿದ್ದರು. ಅವಳು ಮತ್ತೆ ಸನ್ನೆ ಮಾಡಿದಳು. ತಿರುವಿನವರೆಗೆ ಹೋಗಿ ಗೋಡೆಯ ಹಿಂದೆ ನಿಂತು ಇಣುಕಿದೆ. ಅವರು ಒಳಗೆ ಹೋಗುತ್ತಿದ್ದರು. ದೊಡ್ಡ ಬೀಗವನ್ನೇ ಕೊಂಡರು.